ನಲವತ್ತೊಂದನೇ ಕರಡಿ

ನೀಲವ್ವನಿಗೂ ಅವಳ ಗಂಡ ಗಾಳೆಪ್ಪನಿಗೂ ಜಗಳ ಹತ್ತಿದ್ದು ಕ್ಯಾಮೆರಾದಿಂದ. ಅರಣ್ಯ ಇಲಾಖೆಯವರು ಕಲ್ಲದೊಣಿ ಗುಡ್ಡದ ಸುತ್ತ ಇನ್ನೂರು ಕ್ಯಾಮೆರಾ ಕಟ್ಟಿ, ಇನ್ನು ಮೇಲೆ ಗುಡ್ಡ ಮೃಗಗಳದ್ದು, ಕುರಿ ಹತ್ತಿಸುವಂತಿಲ್ಲ, ಮನುಷ್ಯ ಕಾಲಿಡುವಂತಿಲ್ಲ ಎಂದು ಊರಲ್ಲಿ ಡಂಗುರ ಸಾರಿದರು. ಅದೇ ವರ್ಷ ನೀಲವ್ವ ಆ ಕ್ಯಾಮೆರಾದವರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. "ಗುಡ್ಡ ಕಸಗೊಂಡವರ ಮನ್ಯಾಗ ಹೋಗಿ ಕುಂತಾಳ ನನ್ನ ಹೇಣ್ತಿ" ಎಂದು ಗಾಳೆಪ್ಪ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಹೇಳಿದ. "ಕುರಿ ಕಾದು ಬದುಕೂ ಗಂಡಸಿಗೆ ಗುಡ್ಡ ಇಲ್ಲಂದ ಮ್ಯಾಲ ಮನ್ಯಾಗ ಯಾರಾರ ಒಬ್ರು ದುಡೀಬೇಕಲ್ಲ" ಎಂದು ಅವಳು ಬಾಗಿಲಲ್ಲಿ ನಿಂತು ಅಷ್ಟೇ ಗಟ್ಟಿಯಾಗಿ ಹೇಳಿದಳು. ಮೂರು ವರ್ಷವಾಯಿತು. ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದಿಗಿಂತ ಬೈದಾಡುವ ಸದ್ದೇ ಹೆಚ್ಚು.

ಆ ಕ್ಯಾಮೆರಾಗಳು ಮದುವೆ ಮನೆಯ ಕ್ಯಾಮೆರಾದಂಥವಲ್ಲ. ಮರಕ್ಕೋ ಬಂಡೆಗೋ ಕಟ್ಟಿದ ಹಸಿರು ಡಬ್ಬಿ, ನೋಡಿದರೆ ಜೇನುಗೂಡಿನಷ್ಟಿದೆ. ಮುಂದೆ ಹಾದುಹೋದ ಜೀವದ ಮೈಕಾವನ್ನೂ ನಡಿಗೆಯನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಚಿರತೆಗೆ ಚುಕ್ಕೆಯ ಗುರುತುಂಟು. ಕರಡಿಗೆ ಯಾವ ಗುರುತು? ಮೈತುಂಬ ಕರೀ ಕೂದಲು, ಒಂದರಂತೆ ಇನ್ನೊಂದು. ಆದರೆ ಎರಡು ಕರಡಿ ಒಂದೇ ಥರ ನಡೆಯುವುದಿಲ್ಲವಂತೆ. ಆ ನಡಿಗೆ ಹಿಡಿದು ಯಂತ್ರ ಒಂದೊಂದಕ್ಕೂ ಒಂದೊಂದು ನಂಬರು ಕೊಡುತ್ತಿತ್ತು. ಮೃಗ ಹಾದುಹೋದರೆ ಡಬ್ಬಿ ಸುಮ್ಮನಿರುತ್ತಿತ್ತು. ಮನುಷ್ಯ ಹಾದುಹೋದರೆ ಮಾತ್ರ ಸೀಟಿ ಹೊಡೆದು, ಹೆಣ್ಣು ದನಿಯಲ್ಲಿ "ವ್ಯಕ್ತಿ. ಹಿಂದಕ್ಕೆ ಹೋಗಿ" ಎನ್ನುತ್ತಿತ್ತು. ಆಮೇಲೂ ಹೋದರೆ ಗಾರ್ಡುಗಳು ಬರುತ್ತಿದ್ದರು. ಮೊದಲ ವರ್ಷ ಊರಿನ ಹನ್ನೊಂದು ಜನ ಆರಾರು ತಿಂಗಳು ಜೈಲಿನಲ್ಲಿ ಕೂತು ಬಂದರು. ಆಮೇಲೆ ಯಾರೂ ಆ ಕಡೆ ತಲೆ ಹಾಕಲಿಲ್ಲ.

ನೀಲವ್ವನ ಕೆಲಸ ಅನುಮಾನದ ಚಿತ್ರ ನೋಡುವುದು. ಯಂತ್ರಕ್ಕೆ ನರಿಯೋ ತೋಳವೋ ಗೊತ್ತಾಗದಿದ್ದರೆ ಅದು ಅವಳ ಪರದೆಗೆ ಕಳಿಸುತ್ತಿತ್ತು. ಏಳನೇ ಇಯತ್ತೆ ಓದಿದವಳು. ಆದರೆ ನಾನೂರು ಕುರಿಯ ಹಿಂಡಿನಲ್ಲಿ ಒಂದು ಕುರಿ ತಪ್ಪಿದರೆ ಯಾವುದು ತಪ್ಪಿತೆಂದು ಮುಖ ನೆನೆದು ಹೇಳುವ ಮನೆತನದವಳು. ಕೂತ ಒಂದು ವಾರಕ್ಕೇ ಆಫೀಸಿನಲ್ಲಿ ಅವಳ ಕಣ್ಣಿನ ಮಾತಿಗೆ ತೂಕ ಬಂದಿತ್ತು.

ಆ ಸೋಮವಾರ ದೊಡ್ಡ ಸಾಹೇಬರು ಪದ್ಮರಾಜ ತಾವೇ ಅವಳ ಮೇಜಿನ ಹತ್ತಿರ ಬಂದರು. ಕರಾವಳಿ ಕಡೆಯವರು. ಸಿಟ್ಟು ಮೂಗಿನ ಮೇಲೆ, ಮಾತು ಮಾತ್ರ ಅಚ್ಚುಕಟ್ಟು.

"ನೀಲಮ್ಮ, ಒಂದು ಸಹಿ ಬೇಕು. ನಲವತ್ತೊಂದನ್ನು ಹಿಡಿಯುವ ಆದೇಶ ಬಂದಿದೆ. ಪ್ರಾಣಿಯನ್ನು ಹಿಡಿಯುವ ಮೊದಲು ಮನುಷ್ಯರೊಬ್ಬರು ಚಿತ್ರ ನೋಡಬೇಕು ಅಂತ ನಿಯಮ."

ನಲವತ್ತೊಂದನ್ನು ಆಫೀಸಿನಲ್ಲಿ ತಿಳಿಯದವರಿಲ್ಲ. ಗುಡ್ಡದ ಅತಿ ಹಳೆಯ ಕರಡಿ. ಅದರ ಮೇಲೆ ಪದ್ಮರಾಜ ದೊಡ್ಡ ಊರುಗಳಲ್ಲಿ ಭಾಷಣ ಮಾಡಿ ಬಂದಿದ್ದರು. ಮೊದಲು ಗಂಡು ಎಂದು ಬರೆದಿದ್ದರು. ಒಂದು ಚಿತ್ರದಲ್ಲಿ ಎದೆಗೆ ಮರಿ ಅವುಚಿಕೊಂಡು ಹೋಗುವುದು ಕಂಡ ಮೇಲೆ ತಿದ್ದಿ ಹೆಣ್ಣು ಮಾಡಿದರು. ಆದರೆ ಅದರ ಚಿತ್ರ ನೀಲವ್ವನ ಪರದೆಗೆ ಒಮ್ಮೆಯೂ ಬಂದಿರಲಿಲ್ಲ. ಯಂತ್ರಕ್ಕೆ ಅದರ ಬಗ್ಗೆ ಅನುಮಾನವೇ ಇರಲಿಲ್ಲವಲ್ಲ.

"ಏನ್ ತಪ್ಪು ಮಾಡೇತ್ರಿ ಅದು?"

"ದಿನಾ ನಸುಕಿನಲ್ಲಿ ಊರ ಮನೆಗಳಿಂದ ಇಪ್ಪತ್ತು ಹೆಜ್ಜೆ ದೂರದವರೆಗೆ ಬರುತ್ತದೆ. ಮನುಷ್ಯರ ಭಯ ಹೋಗಿದೆ. ಇವತ್ತಲ್ಲ ನಾಳೆ ಯಾರನ್ನಾದರೂ ಹರಿಯುತ್ತದೆ. ನಾಳೆ ಸಂಜೆ ಕಣಿವೆ ಬಾಯಲ್ಲಿ ಸೂಜಿ ಬಂದೂಕು ಕೂರಿಸಿ, ನಾಡಿದ್ದು ಬೆಳಗ್ಗೆ ಚಾಲೂ ಮಾಡುತ್ತೇವೆ. ಆ ನಡಿಗೆ ಕಂಡ ಕೂಡಲೇ ತಾನೇ ಹೊಡೆಯುತ್ತದೆ."

ಅವರು ಗುಂಡಿ ಒತ್ತಿದರು. ಪರದೆಯ ಮೇಲೆ ನಲವತ್ತೊಂದು ನಡೆಯತೊಡಗಿತು. ಕೆಂಪು, ಹಳದಿ ಕಾವಿನ ಒಂದು ಗುಪ್ಪೆ. ಗುಡ್ಡದಂತೆ ಎದ್ದ ಬೆನ್ನು. ತಲೆ ನೆಲಕ್ಕೆ ಬಗ್ಗಿದೆ. ಮುಂಗಾಲೊಂದು ಕಡ್ಡಿಯಂತೆ ಸಪೂರ. ಎಡಗಾಲು ಊರಿ, ಒಂದು ಗಳಿಗೆ ತಡೆದು, ಬಲಗಾಲನ್ನು ಹೊರಗಡೆಗೆ ಅರ್ಧ ಸುತ್ತು ಹಾಕಿ ಎಳೆದು ಇಡುತ್ತದೆ. ಊರಿ, ತಡೆದು, ಎಳೆದು.

ನೀಲವ್ವ ಪರದೆಯ ಹತ್ತಿರಕ್ಕೆ ಮುಖ ತಂದಳು. ಈ ನಡಿಗೆಯ ಹಿಂದೆ ಅವಳು ಇಪ್ಪತ್ತೆಂಟು ವರ್ಷ ನಡೆದಿದ್ದಳು. ಮದುವೆಯಾದ ಹೊಸದರಲ್ಲಿ ಬಂಡೆಯಿಂದ ಬಿದ್ದು ಮೊಣಕಾಲು ಮುರಿದ ಗಂಡಸು. ಆಮೇಲೆ ಎಷ್ಟು ಊರು, ಎಷ್ಟು ಹೊಲ, ಕುರಿ ಹಿಂದೆ ಅವನು, ಅವನ ಹಿಂದೆ ಇವಳು.

"ಇದು ಕರಡಿ ಅಲ್ರಿ ಸರ."

"ಯಂತ್ರ ನೂರಕ್ಕೆ ತೊಂಬತ್ತೇಳು ಕರಡಿ ಅನ್ನುತ್ತಿದೆ."

"ಯಂತ್ರ ಅನ್ನಲಿ. ಅಲ್ರಿ."

"ಹಾಗಾದರೆ ಏನು ಅದು? ಹೇಳಿ, ಬರೆದುಕೊಳ್ಳುತ್ತೇನೆ."

ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಮೂರು ವರ್ಷದ ಒಂದೊಂದು ದಿನಕ್ಕೂ ಗಾಳೆಪ್ಪ ಲೆಕ್ಕ ಒಪ್ಪಿಸಬೇಕು. ಒಂದು ಸಲ ಕಾಲಿಟ್ಟವನಿಗೇ ಆರು ತಿಂಗಳು. ಸಾವಿರ ಸಲ ಇಟ್ಟವನು ಜೀವ ಇರುವತನಕ ಹೊರಗೆ ಬಂದಾನೆಯೇ? ಅವಳು ಸಹಿಯ ಕಾಗದವನ್ನು ವಾಪಸು ಸರಿಸಿದಳು. ಪದ್ಮರಾಜ ಹುಬ್ಬು ಗಂಟಿಕ್ಕಿ, ಕಾಗದವನ್ನು ಪಕ್ಕದ ಮೇಜಿನ ಹುಡುಗಿಗೆ ಕೊಟ್ಟರು. ಅವಳು ನೋಡಿದಂತೆ ಮಾಡಿ ಸಹಿ ಹಾಕಿದಳು.

ಹೊರಗೆ ಸೂಜಿ ಬಂದೂಕಿನ ಜಾಫರ್ ಪೆಟ್ಟಿಗೆ ಬಿಚ್ಚಿ ಔಷಧಿ ಶೀಸೆ ಒರೆಸುತ್ತಿದ್ದ. ನೀಲವ್ವ ಹತ್ತಿರ ನಿಂತಳು.

"ಜಾಫರಣ್ಣ, ಈ ಸೂಜಿ ಅಪ್ಪಿತಪ್ಪಿ ಮನಷ್ಯಾಗ ಬಡದ್ರ?"

"ಇದು ಒಂದ್ ಕ್ವಿಂಟಲ್ ಕರಡಿ ಮಲಗಿಸೂ ಮದ್ದು ಅಕ್ಕಾ," ಎಂದ ಜಾಫರ್ ತಲೆಯೆತ್ತದೆ. "ಮನಷ್ಯಾ ಮಲಗಿದ್ರ ಮತ್ತ ಏಳೂದಿಲ್ಲ."

ಮನೆಗೆ ಬಂದಾಗ ಗಾಳೆಪ್ಪ ಹಟ್ಟಿಯಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ದೊಡ್ಡ ಕುರಿಗಳು ಅಳಿಯನ ಜೊತೆ ದೂರದ ಹೊಲಗಳ ಕಡೆ ಹೋಗಿದ್ದವು. ಮೂವತ್ತಾರು ಎಳೆಮರಿಗಳು ಮನೆಯಲ್ಲೇ. ಅವಕ್ಕೆ ದಿನಾ ಒಂದು ಹೊರೆ ಹಸಿ ಸೊಪ್ಪು, ತಪ್ಪಲು ಬೇಕು. ಹಳ್ಳದ ದಂಡೆಯಿಂದ ತರುತ್ತೇನೆ ಎನ್ನುತ್ತಿದ್ದ. ಕೇಳಿದರೆ ಜಗಳ ಎಂದು ಅವಳೂ ಕೇಳಿರಲಿಲ್ಲ. ಇವತ್ತು ಒಂದು ಎಲೆ ಕಿತ್ತು ಮೂಸಿದಳು. ಹಳ್ಳದ ದಂಡೆಯದಲ್ಲ, ಗುಡ್ಡದ ಮೇಲಿನ ಬಾರಿಗಿಡದ ಎಲೆ.

"ನಾಡಿದ್ದಿಂದ ಗುಡ್ಡಕ್ಕ ಹೋಗಬ್ಯಾಡ್ರಿ."

ಗಾಳೆಪ್ಪನ ಕೈ ನಿಂತಿತು. "ಓಹೋ. ಸಾಹೇಬ ಕಳಿಸ್ಯಾನೇನು?"

"ನಿಮ್ಮನ್ನ ಕರಡಿ ಅಂತ ಬರಕೊಂಡಾರ. ನಲವತ್ತೊಂದನೇ ನಂಬರ್ ಕರಡಿ. ಕಣಿವ್ಯಾಗ ಬಂದೂಕು ಇಡ್ತಾರ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಹಟ್ಟಿಯ ಮರಿಗಳೆಲ್ಲ ಬೆದರುವಂತೆ ನಕ್ಕ.

"ಮೂರು ವರ್ಷ ಆತು, ಆ ಡಬ್ಬಿ ಊರಾಗಿನ ಮಂದಿನ್ನೆಲ್ಲ ನೋಡಿ ಒದರ್ತೈತಿ. ನನ್ನ ನೋಡಿ ಯಾಕ ಒದರೂದಿಲ್ಲ? ಬೀರಪ್ಪ ದೇವರ ಕಂಬಳಿ ಹೊತ್ತಿರ್ತೀನಿ ನಾ. ಈ ಕಂಬಳಿಗೆ ಅಂಜ್ತೈತಿ ಅದು. ಈಗ ನೀ ಬಂದು ಕರಡಿ ಅಂತಿ. ದೇವರ ಸತ್ಯ ನಿಮ್ಮ ಆಫೀಸಿಗೆ ತಡಕೊಳ್ಳಾಕ ಆಗವಲ್ದು, ಅದಕ್ಕ ಈ ಕಟ್ಟುಕತಿ."

"ದೇವರು ಅಲ್ರಿ ಅದು, ಉಣ್ಣೆ. ಉಣ್ಣೆಯೊಳಗ ಮನಷ್ಯಾನ ಆಕಾರ ಮುಚ್ಚಿ ಹೋಗ್ತೈತಿ, ಕಾವಿನ ಗುಪ್ಪಿ ಅಷ್ಟs ಕಾಣ್ತೈತಿ. ಬೆನ್ನಿನ ಮ್ಯಾಲ ತಪ್ಪಲ ಹೊರಿ, ಬಗ್ಗಿ ಕೋಲೂರಿ..."

"ಬಾಯಿ ಮುಚ್ಚು." ಅವನು ಎದ್ದ. "ಅವರ ಅನ್ನ ತಿಂದು ತಿಂದು ನಿನಗ ಗಂಡನೂ ಮೃಗ ಆಗಿ ಕಾಣ್ತಾನ. ನಾಡಿದ್ದೂ ಹೋಗ್ತೀನಿ, ಆಚಿ ನಾಡಿದ್ದೂ ಹೋಗ್ತೀನಿ. ಮರಿ ಏನ್ ನಿನ್ನ ಕಂಪ್ಯೂಟರ್ ತಿಂತಾವೇನು?"

ಮರುದಿನ ಬಸ್ಸಿನಲ್ಲಿ ಕೂತು ನೀಲವ್ವ ಒಂದೇ ಯೋಚನೆ ಮಾಡಿದಳು. ಯಂತ್ರ ಅಷ್ಟೊಂದು ಮೃಗ ಬಲ್ಲದು, ಕಂಬಳಿ ಹೊದ್ದ ಕುರುಬನನ್ನು ಯಾಕೆ ಅರಿಯದು? ಹಾಲಗೇರಿ ತಿರುವು ದಾಟುವಾಗ ಥಟ್ಟನೆ ಹೊಳೆಯಿತು.

ಯಂತ್ರಕ್ಕೆ ಮನುಷ್ಯರನ್ನು ಕಲಿಸುವುದಕ್ಕೆ ಮೂರು ವರ್ಷದ ಹಿಂದೆ ಆಫೀಸಿನವರು ಊರಿಗೆ ಬಂದಿದ್ದರು. ದಿನಾ ಹೇಗಿರುತ್ತೀರೋ ಹಾಗೇ ಕ್ಯಾಮೆರಾ ಮುಂದೆ ನಡೆಯಿರಿ ಎಂದಿದ್ದರು. ಆದರೆ ಫೋಟೊ ಎಂದರೆ ಸುಮ್ಮನೆಯೇ? ಆಗಷ್ಟೇ ಕೆಲಸಕ್ಕೆ ಸೇರಿದ್ದ ನೀಲವ್ವನೇ ಮನೆಮನೆಗೆ ಹೋಗಿ, "ಮಾರಿ ತೊಳ್ಕೊಂಡು ಬರ್ರಿ, ಚಲೋ ಅರಿವಿ ಉಟ್ಕೊಂಡು ಬರ್ರಿ, ಸಾಹೇಬ್ರ ಮುಂದ ಊರಿನ ಮರ್ಯಾದಿ ಕಳೀಬ್ಯಾಡ್ರಿ" ಎಂದು ಹೇಳಿ ಬಂದಿದ್ದಳು. ಊರಿಗೆ ಊರೇ ಮದುವೆಗೆ ಹೊರಟಂತೆ ಬಂತು. ಗಂಡಸರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಂಗಸರು ಇಳಕಲ್ ಸೀರೆ. ಕಂಬಳಿ ಹೊದ್ದು ಬಂದಿದ್ದ ಇಬ್ಬರು ಮುದುಕರನ್ನು ನೀಲವ್ವನೇ ಗದರಿಸಿ, ಕಂಬಳಿ ಕಸಿದು ಗೋಡೆಯ ಮೇಲೆ ಒಗೆದಿದ್ದಳು. ಹೊರೆ ಹೊತ್ತವರು ಯಾರೂ ಇರಲಿಲ್ಲ. ಬಗ್ಗಿ ನಡೆದವರೂ ಇರಲಿಲ್ಲ. ಎದೆ ಸೆಟೆಸಿ ನಡೆದರು ಎಲ್ಲ. ಯಂತ್ರ ಅದನ್ನೇ ಮನುಷ್ಯ ಎಂದು ಕಲಿತುಕೊಂಡಿತು. ಅವಳ ಗಂಡ ಆ ದಿನ ಸಿಟ್ಟಿನಿಂದ ಬಂದೇ ಇರಲಿಲ್ಲ.

ಆಫೀಸಿನಲ್ಲಿ ಪದ್ಮರಾಜರಿಗೆ ಇದನ್ನು ಹೇಳಿದಳು. ಗಂಡನ ಹೆಸರು ಬಿಟ್ಟು, ಉಳಿದದ್ದೆಲ್ಲ.

"ಯಾರೋ ಕಂಬಳಿ ಹೊದ್ದು ನಡೆದರೆ ಮೂರು ವರ್ಷದ ಸಂಶೋಧನೆ ಸುಳ್ಳಾಗುತ್ತದಾ?" ಅವರ ದನಿ ಏರಿತು. "ನಾಲ್ಕು ಸಾವಿರ ಚಿತ್ರ ಇವೆ. ನೀವು ಓದಿದ್ದೆಷ್ಟು ನೀಲಮ್ಮ? ಇಷ್ಟಕ್ಕೂ ನಲವತ್ತೊಂದು ಹೆಣ್ಣು. ಮರಿ ಹೊತ್ತಿದ್ದನ್ನು ನಾನೇ ನೋಡಿದ್ದೇನೆ. ನಿಮ್ಮ ಊರಲ್ಲಿ ಹೆಂಗಸರು ಕಂಬಳಿ ಹೊದ್ದು ಗುಡ್ಡ ಹತ್ತುತ್ತಾರಾ?"

ಸುತ್ತಲಿನವರು ನಕ್ಕರು. ನೀಲವ್ವ ನಗಲಿಲ್ಲ. ನಲವತ್ತೊಂದು ಹೆಣ್ಣು ಎಂದು ಹೇಳಿ ಸಾಹೇಬರು ಸಿಟ್ಟಿನಲ್ಲಿ ಬಾಗಿಲೊಂದನ್ನು ತಾವೇ ತೆರೆದಿಟ್ಟಿದ್ದರು. ಅದನ್ನು ಅವಳು ನೋಡಿಕೊಂಡಳು. "ಹೊಟ್ಟಿ ನೋಯಾಕತ್ತೇತ್ರಿ" ಎಂದು ರಜೆ ಹೇಳಿ ಮಧ್ಯಾಹ್ನದ ಬಸ್ಸು ಹಿಡಿದಳು.

ಊಟ ಮಾಡಿದ ಗಾಳೆಪ್ಪ ಹಟ್ಟಿಯ ನೆರಳಲ್ಲಿ ಅಡ್ಡಾಗಿದ್ದ. ಕಂಬಳಿ ಗೂಟಕ್ಕಿತ್ತು. ಆ ಕಂಬಳಿಯನ್ನು ಅವನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದರ ಮೇಲೆ ದೇವರನ್ನು ಕೂರಿಸಿ ಪೂಜೆ ಮಾಡುವ ಮನೆ ಅದು. ನೀಲವ್ವ ಎರಡೂ ಕೈಯಿಂದ ಇಳಿಸಿಕೊಂಡು, ಕಣ್ಣಿಗೊತ್ತಿಕೊಂಡು ಹಿತ್ತಲಿಗೆ ಹೋದಳು. ಒಂದು ಹೊರೆ ಜೋಳದ ಒಣ ಕಣಿಕೆ ಬೆನ್ನಿಗೆ ಕಟ್ಟಿ ಮೇಲೆ ಕಂಬಳಿ ಹೊದ್ದಳು. ಕೋಲು ಹಿಡಿದು ಬಗ್ಗಿದಳು. ಎಡಗಾಲು ಊರಿ, ತಡೆದು, ಎಳೆದು.

ಬೇಲಿಯಾಚೆ ಪಕ್ಕದ ಮನೆಯ ಫಕೀರವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

"ಅಯ್ಯ ನನ್ನವ್ವ! ಗಂಡನ್ನ ಅಣಗಸಾಕ ಹೊತ್ತಿಲ್ಲ ಗೊತ್ತಿಲ್ಲೇನ ನಿನಗ?"

"ಹಂಗೇ ಕಾಣ್ತೈತೇನು? ಖರೇ ಹೇಳು."

"ಹಂಗಂದ್ರ! ಕಣ್ಮುಚ್ಚಿ ತೆಗದ್ರ ಅವನs ಬಂದಾಂಗಾತು. ಒಂದೀಟು ಎಡಕ್ಕ ವಾಲತಾನ ನೋಡು, ಇಳಿಜಾರಿನ್ಯಾಗ. ಮತ್ತ ಕೋಲು ಮದಲ, ಕಾಲು ಆಮ್ಯಾಲ."

ಫಕೀರವ್ವನ ಮಾತು ಸರಿ. ಕೋಲು ಮೊದಲು. ಹತ್ತು ಸುತ್ತು ಹಾಕುವುದರೊಳಗೆ ನೀಲವ್ವನ ಮೊಣಕಾಲಲ್ಲಿ ಅವನ ನೋವೇ ಬಂದು ಕೂತಂತಾಯಿತು. ಇಷ್ಟು ನೋವಿನಲ್ಲಿ ದಿನಾ ಗುಡ್ಡ ಹತ್ತಿ ಇಳಿಯುತ್ತಿದ್ದಾನಲ್ಲ ಈ ಮೊಂಡ ಎಂದುಕೊಂಡಳು.

ಹೊತ್ತು ಇಳಿಯುವಾಗ, ಸಾಹೇಬರು ಬಂದೂಕು ಕೂರಿಸಲು ಬರುವ ವೇಳೆ ನೋಡಿ, ಕಣಿವೆಯ ದಾರಿ ಹಿಡಿದಳು. ಮೊದಲ ಡಬ್ಬಿ ಬೇವಿನ ಮರದಲ್ಲಿತ್ತು. ಮೂರು ವರ್ಷದಿಂದ ಯಾರನ್ನೂ ಬಿಡದ ಡಬ್ಬಿ ಅವಳನ್ನು ನೋಡಿತು. ಸುಮ್ಮನಿತ್ತು. ಎರಡನೆಯದೂ ಸುಮ್ಮನಿತ್ತು. ಗಂಡ ಇದನ್ನು ದೇವರ ಸತ್ಯವೆಂದು ನಂಬಿದ್ದರಲ್ಲಿ ಏನು ಆಶ್ಚರ್ಯ!

ಕಣಿವೆಯ ಬಾಯಲ್ಲಿ ಪದ್ಮರಾಜ, ಜಾಫರ್ ಮತ್ತು ಒಬ್ಬ ಗಾರ್ಡು ನಾಳೆಯ ಕೆಲಸಕ್ಕೆ ಬಂದೂಕು ಕೂರಿಸುತ್ತಿದ್ದರು. ಬಂಡೆಯ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಸಪೂರ ನಳಿಗೆ, ಪಕ್ಕದಲ್ಲಿ ಒಂದು ಹಸಿರು ಡಬ್ಬಿ. ಸೂಜಿ ನಾಳೆ ತುಂಬುತ್ತಾರೆ ಎಂದುಕೊಂಡಿದ್ದಳು ನೀಲವ್ವ. ತಿರುವಿನಲ್ಲಿ ಅವಳು ಬಗ್ಗಿದ ತಲೆಯಲ್ಲೇ ಕಾಣಿಸಿಕೊಂಡಾಗ ನಳಿಗೆ ಸರ್ರನೆ ತಿರುಗಿತು. ಅದರ ಕೆಳಗೊಂದು ಕೆಂಪು ದೀಪ ಹತ್ತಿತು. ಅವಳು ಒಂದು ಹೆಜ್ಜೆ ಇಟ್ಟರೆ ನಳಿಗೆಯೂ ಒಂದು ಕೂದಲೆಳೆ ಸರಿಯಿತು. ಎಳೆದರೆ ಸರಿಯಿತು. ತಡೆದರೆ ತಡೆಯಿತು.

"ನಲವತ್ತೊಂದು!" ಪದ್ಮರಾಜ ಕೈಯಲ್ಲಿನ ಪರದೆ ನೋಡಿ ಉಸಿರು ಬಿಗಿಹಿಡಿದು ಹೇಳಿದರು. "ತೊಂಬತ್ತೊಂದು ಭಾಗ ಖಾತ್ರಿ. ಜಾಫರ್, ಅಲುಗಾಡಬೇಡ. ಹೊಡೆಯಲಿ."

ಹೊಡೆಯಲಿ ಎಂಬ ಮಾತು ಕಿವಿಗೆ ಬಿದ್ದಾಗ ನೀಲವ್ವನಿಗೆ ಗೊತ್ತಾಯಿತು, ಸೂಜಿ ಒಳಗಿದೆ. ಓಡಿದರೆ? ನಳಿಗೆ ಬೆನ್ನಟ್ಟುತ್ತದೆ. ಕೂಗಿದರೆ ಡಬ್ಬಿಗೆ ಕೇಳುವುದಿಲ್ಲ. ಎರಡೂ ಕೈಯಿಂದ ಕಂಬಳಿ ಹಿಡಿದು ಮೇಲಕ್ಕೆ ಎತ್ತಿ ನೆಟ್ಟಗೆ ನಿಂತುಬಿಟ್ಟಳು. ಕಣಿಕೆ ಹೊರೆ ಬಿಚ್ಚಿಕೊಂಡು ಚೆಲ್ಲಿತು. ಜಾಫರ್ "ಯಾ ಅಲ್ಲಾ!" ಎಂದವನೇ ಸ್ಟ್ಯಾಂಡಿಗೆ ಒದ್ದ. ಟಪ್ ಎಂದು ಸದ್ದಾಗಿ ಸೂಜಿ ಅವಳ ತಲೆಯ ಮೇಲಿನಿಂದ ಹೋಗಿ ಆಲದ ಬೊಡ್ಡೆಗೆ ನಟ್ಟಿತು.

ಆಗ ಡಬ್ಬಿ ಸೀಟಿ ಹೊಡೆಯಿತು. "ವ್ಯಕ್ತಿ. ಹಿಂದಕ್ಕೆ ಹೋಗಿ."

ಪದ್ಮರಾಜರ ಮುಖದಲ್ಲಿ ರಕ್ತವಿರಲಿಲ್ಲ. ಬಣ್ಣ ಬಂದಾಗ ಸಿಟ್ಟಿನ ಬಣ್ಣವೇ ಬಂತು.

"ನಿಮಗೆ ತಲೆ ಕೆಟ್ಟಿದೆಯಾ? ಒಂದು ಗಳಿಗೆ ಆಗಿದ್ದರೆ ನಾನು ಕೊಲೆಗಾರ ಆಗುತ್ತಿದ್ದೆ!"

"ನಾಳೆ ಮುಂಜಾನೆ ಆಗ್ತಿದ್ರಿ ಸರ." ಅವಳು ಕಂಬಳಿ ಮಡಚಿ ತೋಳಿಗೆ ಹಾಕಿಕೊಂಡಳು. "ನಲವತ್ತೊಂದು ನಾನs ರೀ. ಹೆಣ್ಣು ಅಂತ ನೀವs ಬರದೀರಿ. ಎದಿಗೆ ಅವಚಿಕೊಂಡಿದ್ದು ಕುರಿಮರಿ. ಮೂರು ವರ್ಷ ತಪ್ಪಲಕ್ಕ ಬಂದೀನಿ."

ಪದ್ಮರಾಜ ಅವಳ ಕಾಲು ನೋಡಿದರು. ಕುಂಟಿಲ್ಲದ, ಎರಡೂ ನೆಟ್ಟಗಿದ್ದ ಕಾಲು. ಅವರು ದಡ್ಡರಲ್ಲ.

"ಸುಳ್ಳು. ನೀವು ಯಾರನ್ನೋ ಮುಚ್ಚಿಡುತ್ತಿದ್ದೀರಿ. ಗಂಡನನ್ನು ತಾನೇ? ನಾಳೆಯೇ ಕೇಸು ಹಾಕುತ್ತೇನೆ."

"ಹಾಕ್ರಿ ಸರ. ಕೋರ್ಟಿನ್ಯಾಗ ಕೇಳ್ತಾರ, ಕರಡಿ ಯಾರು ಅಂತ. ನಾ ಅಂತೀನಿ. ನನ್ನ ಚಿತ್ರ ತೋರಿಸಿ ನೀವು ಎಲ್ಲೆಲ್ಲಿ ಭಾಷಣ ಮಾಡೀರಿ ಅಂತ ಕೇಳ್ತಾರ. ಅದನ್ನ ನೀವs ಹೇಳಬೇಕಾಗ್ತೈತಿ."

ಗಾರ್ಡು ಕೆಮ್ಮಿದಂತೆ ಮಾಡಿ ಆಚೆ ತಿರುಗಿದ. ಪದ್ಮರಾಜ ಬಂಡೆಯ ಮೇಲೆ ಕೂತರು. ತುಂಬ ಹೊತ್ತು ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಬೆರಳಿನಿಂದ ಏನೋ ಬರೆದರು. ಜಾಫರ್ ಹಿಂದಿನಿಂದ ಇಣುಕಿ ಓದಿದ. ನಲವತ್ತೊಂದು: ಮುಪ್ಪಿನಿಂದ ಸಾವು.

"ನಾಳೆಯಿಂದ ನೀವು ಆಫೀಸಿಗೆ ಬರಬೇಡಿ," ಎಂದರು. "ಹೋಗುವ ಮೊದಲು ಒಂದು ಕೆಲಸ. ಇಂಥದ್ದು ಇನ್ನೊಮ್ಮೆ ಆಗಬಾರದು. ಇದೇ ಕಂಬಳಿ ಹೊದ್ದು, ಇದೇ ನಡಿಗೆ, ಈ ಕ್ಯಾಮೆರಾ ಮುಂದೆ ನಲವತ್ತು ಸಲ ಹೋಗಿ ಬನ್ನಿ. ಯಂತ್ರಕ್ಕೆ ಇದು ಮನುಷ್ಯ ಅಂತ ಕಲಿಸಬೇಕು. ಒಂದು ಡಬ್ಬಿ ಕಲಿತರೆ ಇನ್ನೂರೂ ಕಲಿತ ಹಾಗೆ."

ಜಾಫರ್ ನಳಿಗೆ ಕಳಚಿ ಪೆಟ್ಟಿಗೆಗೆ ಹಾಕುವತನಕ ನೀಲವ್ವ ಕಾದಳು. ಆಮೇಲೆ ಕಣಿಕೆ ಹೊರೆ ಮತ್ತೆ ಕಟ್ಟಿ, ಕಂಬಳಿ ಹೊದ್ದು ನಡೆದಳು. ಊರಿ, ತಡೆದು, ಎಳೆದು. ಮೊದಲ ಆರು ಸಲ ಡಬ್ಬಿ ಸುಮ್ಮನಿತ್ತು. ಹದಿನೈದನೇ ಸಲ ಗೊಂದಲಕ್ಕೆ ಬಿದ್ದಂತೆ ಅರ್ಧ ಸೀಟಿ ಹೊಡೆದು ನಿಲ್ಲಿಸಿತು. ಒಂದೊಂದು ಸುತ್ತಿಗೂ ಅವಳು ಗುಡ್ಡದ ಬಾಗಿಲನ್ನು ಒಂದೊಂದು ಗೇಣು ಮುಚ್ಚುತ್ತಿದ್ದಳು. ಅದು ಅವಳಿಗೆ ಗೊತ್ತಿತ್ತು. ಒಂದು ಸಲ ಕಾಲು ತಪ್ಪು ಹಾಕಿದರೆ ಸಾಕು, ಪಾಠ ಅರೆಬರೆ ಉಳಿಯುತ್ತದೆ. ಅವನಿಗೆ ಗುಡ್ಡ ಉಳಿಯುತ್ತದೆ. ಜೊತೆಗೆ ಇನ್ನೆಂದೋ ಇನ್ನೊಬ್ಬ ಸಾಹೇಬ, ಇನ್ನೊಂದು ಬಂದೂಕು. ಅವಳು ಒಂದು ಹೆಜ್ಜೆಯನ್ನೂ ತಪ್ಪಿಸಲಿಲ್ಲ. ನಲವತ್ತನೇ ಸಲ ಡಬ್ಬಿ ಅವಳು ತಿರುವಿನಲ್ಲಿ ಕಂಡ ಕೂಡಲೇ ಕೂಗಿತು.

ಮನೆಗೆ ಬಂದು ಕಂಬಳಿಯನ್ನು ಗೂಟಕ್ಕೆ ಹಾಕಿದಳು. ಗಾಳೆಪ್ಪ ಅಂಗಳದಲ್ಲಿ ಕೂತಿದ್ದವನು ಅದರಲ್ಲಿ ಸಿಕ್ಕಿದ್ದ ಕಣಿಕೆ ಕಡ್ಡಿಗಳನ್ನು ನೋಡಿದ. ಕೇಳಿದ. ಎಲ್ಲ ಹೇಳಿದಳು, ಒಂದನ್ನೂ ಬಿಡದೆ. ಅವನು ನಂಬಲಿಲ್ಲ. ಉಂಡ ತಟ್ಟೆ ನೂಕಿ ಆ ಕಡೆ ಮಗ್ಗುಲಾಗಿ ಮಲಗಿದ.

ನಸುಕಿನಲ್ಲಿ ಕಂಬಳಿ ಹೊದ್ದು ಹೊರಟ. ಅವಳು ತಡೆಯಲಿಲ್ಲ. ಹಟ್ಟಿಯ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ಬೇವಿನ ಮರದ ಕಡೆಯಿಂದ ಸೀಟಿ ಕೇಳಿಸಿತು. ನಿಂತಿತು. ಇನ್ನೊಮ್ಮೆ ಕೇಳಿಸಿತು. ಇನ್ನೂ ಒಮ್ಮೆ. ಮೂರು ಸಲ ಪ್ರಯತ್ನಿಸಿದ್ದ.

ಬರಿಗೈಲಿ ಬಂದ. ಮರಿಗಳು ಅವನ ಕಾಲಿಗೆ ಮುತ್ತಿ ಕೂಗಿದವು. ಆ ಸಿಟ್ಟಿನಲ್ಲೂ ಕಂಬಳಿಯನ್ನು ಅವನು ಒಗೆಯಲಿಲ್ಲ. ನಾಲ್ಕು ಮಡಿಕೆ ಮಾಡಿ ಗೂಟಕ್ಕೆ ಹಾಕಿದ. ಆಮೇಲೆ ತಿರುಗಿದ.

"ನಮ್ಮಪ್ಪ ಹೋದ, ಅವನಪ್ಪ ಹೋದ, ಯಾರನ್ನೂ ಆ ಗುಡ್ಡ ಬ್ಯಾಡ ಅಂದಿರಲಿಲ್ಲ. ನೀ ಹೋಗಿ ಆ ಡಬ್ಬಿಗೆ ನನ್ನ ಗುರುತು ಹೇಳಿಕೊಟ್ಟಿ. ನನ್ನ ನಡಿಗಿ ಕದ್ದು ಮಾರಿ ಬಂದಿ. ಮನಷ್ಯಾನ್ನ ಮಾಡಿಟ್ಟೆಲ್ಲ ನನ್ನ, ಪಾಪಿ! ಈ ಮರಿ ಸತ್ರ ನಿನ್ನ ಕೊಳ್ಳಿಗೆ ಕಟ್ತೀನಿ, ನೋಡ್ಕೋ!"

"ಬೈರಿ," ಎಂದಳು ನೀಲವ್ವ. "ಬೈಯಾಕ ಜೀವ ಐತಿ, ಬೈರಿ."

ಅವನು ಬೈದ. ಅವಳ ತವರು ಹಿಡಿದು ಬೈದ, ಅವಳ ಓದು ಹಿಡಿದು ಬೈದ. ಬೀದಿಯ ಜನ ಇಣುಕಿ ನೋಡಿ ಹೋದರು. ಅವಳು ಕುಡುಗೋಲು ಸಿಕ್ಕಿಸಿಕೊಂಡು, ಹಗ್ಗ ಹೆಗಲಿಗೆ ಹಾಕಿ, ತಪ್ಪಲು ಎಲ್ಲಿ ಸಿಕ್ಕೀತೆಂದು ಕೆರೆಯ ಕಡೆ ಹೊರಟಳು. ಓಣಿ ತಿರುಗುವತನಕ, ತಿರುಗಿದ ಮೇಲೂ ಅವನ ದನಿ ಕೇಳಿಸುತ್ತಿತ್ತು. ಕೇಳಿಸುವಷ್ಟು ದೂರ ಅವಳು ನಿಧಾನವಾಗಿಯೇ ನಡೆದಳು.